ಡಿಒಪಿಯೋ, ಡಿಒಟಿಪಿಯೋ? ಮೃದು ಪಿವಿಸಿ ತಯಾರಕರ ಲೆಕ್ಕಾಚಾರ

ಕಾರ್ಕಳದ ಅಡಿಕೆ ತೋಟದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವ ಹೋಸ್ ಪೈಪು, ಮಲ್ಪೆ ಬಂದರಿನಲ್ಲಿ ಕಾಣುವ ಗಂಬೂಟು, ಮಣಿಪಾಲದ ಆಸ್ಪತ್ರೆಯಲ್ಲಿ ರಕ್ತ ತುಂಬಿಡುವ ಚೀಲ ಇವೆಲ್ಲವೂ ಸಾಮಾನ್ಯವಾಗಿ ಪಿವಿಸಿಯಿಂದ ತಯಾರಾಗುತ್ತವೆ. ಪಿವಿಸಿ ಸ್ವಭಾವತಃ ಗಡಸು. ಅದಕ್ಕೆ ಬಾಗುವ ಗುಣ ಬರುವುದು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂತಹ ದ್ರವದಿಂದ. ಈ ದ್ರವವು ರಾಳದೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳದೆ ನಿಧಾನವಾಗಿ ಹೊರಬರುತ್ತದೆ. ಹಳೆಯ ಪೈಪು ಬಿರುಸಾಗಲು ಇದೂ ಒಂದು ಕಾರಣ. ಕಾನೂನಿನ ಕಣ್ಣು ಬಿದ್ದುದಕ್ಕೂ ಇದೇ ಕಾರಣ.

ನಮ್ಮ ಉದ್ದಿಮೆಗಳಲ್ಲಿ ದೀರ್ಘಕಾಲದಿಂದ ಬಳಕೆಯಲ್ಲಿರುವುದು ಡಿಒಪಿ. ಅಂತಾರಾಷ್ಟ್ರೀಯ ದಾಖಲೆಗಳಲ್ಲಿ ಇದರ ಹೆಸರು ಡಿಇಎಚ್‌ಪಿ. ಸಂತಾನಶಕ್ತಿಗೆ ಹಾನಿಕರವೆಂದು ವರ್ಗೀಕರಿಸಲಾದ ಇದನ್ನು ಐರೋಪ್ಯ ಒಕ್ಕೂಟವು ಇತರ ಮೂರು ಥ್ಯಾಲೇಟ್‌ಗಳೊಂದಿಗೆ ಸೇರಿಸಿ, 2020ರ ಜುಲೈಯಿಂದ ಬಹುತೇಕ ಗ್ರಾಹಕ ವಸ್ತುಗಳಲ್ಲಿ ಒಟ್ಟು ಶೇ. 0.1ಕ್ಕೆ ಮಿತಿಗೊಳಿಸಿದೆ. ಅಮೆರಿಕವು ಮಕ್ಕಳ ಆಟಿಕೆಗಳಿಗೆ 2008ರಲ್ಲೇ ಮಿತಿ ವಿಧಿಸಿತು. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದ್ದು, ಐಎಸ್ 9873ರ 9ನೇ ಭಾಗ ಥ್ಯಾಲೇಟ್‌ಗಳಿಗೇ ಮೀಸಲಾಗಿದೆ. ರಕ್ತದ ಚೀಲದ ವಿಷಯ ಮಾತ್ರ ವಿಚಿತ್ರ: ಕೆಂಪು ರಕ್ತಕಣಗಳು ಒಡೆಯುವುದನ್ನು ಡಿಒಪಿ ತಡೆಯುವುದರಿಂದ ಅದನ್ನು ಕೈಬಿಡುವುದು ಕಷ್ಟವಾಗಿದೆ. ಯುರೋಪು ವೈದ್ಯಕೀಯ ಸಾಧನಗಳಿಗೆ 2030ರ ಜುಲೈವರೆಗೆ ಕಾಲಾವಕಾಶ ನೀಡಿದೆ.

ಪರ್ಯಾಯಗಳ ಪೈಕಿ ಸಣ್ಣ ಉದ್ದಿಮೆದಾರರಿಗೆ ಹೆಚ್ಚು ಅನುಕೂಲಕರವೆನಿಸುವುದು ಡಿಒಟಿಪಿ. ಹೆಸರು ಡಿಒಪಿಯನ್ನು ಹೋಲುತ್ತದೆಯಾದರೂ ಇದು ಟೆರೆಥ್ಯಾಲೇಟ್. ಮೇಲಿನ ನಿರ್ಬಂಧಿತ ಪಟ್ಟಿಯಲ್ಲಿಲ್ಲ. ಡಿಐಎನ್‌ಪಿ ಶಾಖಕ್ಕೆ ಚೆನ್ನಾಗಿ ತಡೆಯುತ್ತದೆ, ಆದರೆ ಮಕ್ಕಳು ಬಾಯಿಗಿಡುವ ವಸ್ತುಗಳಿಗೆ ಅದೂ ಸಲ್ಲದು. ಸಿಟ್ರೇಟ್ ಜಾತಿಯ ಎಟಿಬಿಸಿ ಸುರಕ್ಷಿತ, ಆದರೆ ದುಬಾರಿ. ಎಪಾಕ್ಸಿ ಸೋಯಾ ಎಣ್ಣೆಯನ್ನು ಸ್ವಲ್ಪ ಪ್ರಮಾಣದಲ್ಲಿ ಸಹಾಯಕವಾಗಿ ಬಳಸುವುದೇ ಲೇಸು. ಹೆಚ್ಚಾದರೆ ಮಾಲು ಅಂಟಂಟಾಗುತ್ತದೆ. ಅಗ್ಗವೆಂದು ಕ್ಲೋರಿನೇಟೆಡ್ ಪ್ಯಾರಾಫಿನ್ ಬೆರೆಸುವವರು, ಅದರ ಮಧ್ಯಮ ಸರಪಣಿಯ ಪ್ರಕಾರವನ್ನೂ 2025ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಲಾಗಿದೆ ಎಂಬುದನ್ನು ಗಮನಿಸಬೇಕು.

ದರ ಹೋಲಿಸುವಾಗ ಅನೇಕರು ಎಡವುವುದುಂಟು. ಅಷ್ಟೇ ಮೃದುತ್ವ ದೊರೆಯಲು 50 ಕಿಲೋ ಡಿಒಪಿಯ ಬದಲು ಸುಮಾರು 51.5 ಕಿಲೋ ಡಿಒಟಿಪಿ ಅಥವಾ 53 ಕಿಲೋ ಡಿಐಎನ್‌ಪಿ ಬೇಕು. ಉದಾಹರಣೆಗೆ ಡಿಒಪಿಗೆ ಕಿಲೋಗೆ 100 ರೂ., ಡಿಒಟಿಪಿಗೆ 104 ರೂ. ಎಂದಿಟ್ಟುಕೊಂಡರೆ, ವೆಚ್ಚ 5,000 ರೂ.ಗಳಿಂದ 5,356 ರೂ.ಗಳಿಗೆ ಏರುತ್ತದೆ. ದರದ ವ್ಯತ್ಯಾಸ ಶೇ. 4, ವೆಚ್ಚದ ವ್ಯತ್ಯಾಸ ಶೇ. 7ಕ್ಕೂ ಮಿಗಿಲು.

ಇದಕ್ಕಿಂತ ದೊಡ್ಡ ನಷ್ಟ ಅಡಗಿರುವುದು ಹಳೆಯ ಸ್ಕ್ರ್ಯಾಪಿನಲ್ಲಿ. ಶೇ. 30ರಷ್ಟು ಡಿಒಪಿಯಿರುವ 2 ಕಿಲೋ ಪುಡಿಯನ್ನು ಹೊಸ ಮಿಶ್ರಣಕ್ಕೆ ಸೇರಿಸಿ 100 ಕಿಲೋ ಮಾಡಿದರೆ ಡಿಒಪಿಯ ಪ್ರಮಾಣ ಶೇ. 0.6, ಅಂದರೆ ಮಿತಿಯ ಆರು ಪಟ್ಟು. ಇನ್ನೂರು ರೂಪಾಯಿಯೂ ಬಾಳದ ಸ್ಕ್ರ್ಯಾಪಿನಿಂದ ಇಡೀ ರಫ್ತು ಸರಕು ತಿರಸ್ಕೃತವಾದೀತು. ಮಣಿಪಾಲದ ಶಿವಳ್ಳಿಯಲ್ಲಾಗಲಿ ಕಾಪು ತಾಲೂಕಿನ ನಂದಿಕೂರಿನಲ್ಲಾಗಲಿ ಒಂದೇ ಮಿಕ್ಸರ್‌ನಲ್ಲಿ ಎರಡೂ ಬಗೆಯ ಮಾಲು ತೆಗೆಯುವ ಘಟಕವು ಸ್ಕ್ರ್ಯಾಪಿಗೆ ಪ್ರತ್ಯೇಕ ಸ್ಟಾಕ್ ಖಾತೆ ಇಡುವುದು ಅಗತ್ಯ.

ಖರೀದಿ ಬಿಲ್ಲಿನಲ್ಲಿ ಎಚ್‌ಎಸ್‌ಎನ್ ಸಂಖ್ಯೆಯನ್ನೂ ನೋಡಬೇಕು. ಡಿಒಪಿ 2917 32ರಲ್ಲಿ, ಡಿಒಟಿಪಿ 2917 39ರಲ್ಲಿ ಬರುತ್ತದೆ. ಡ್ರಮ್ಮಿನ ಮೇಲೊಂದು ಹೆಸರು, ಬಿಲ್ಲಿನಲ್ಲೊಂದು ಸಂಖ್ಯೆ ಇದ್ದರೆ, ಬ್ಯಾಚ್ ಪರೀಕ್ಷಾ ವರದಿ ಕೈಸೇರುವವರೆಗೆ ಆ ಮಾಲನ್ನು ಉತ್ಪಾದನೆಗೆ ಬಿಡಬಾರದು.