ಎಂಬೆಸಿ ಗ್ರಾಂಟಿಗೆ ಅರ್ಜಿ ಹಾಕುವ ಮುಂಚೆ ಯಾರಿಗೂ ಮಾತು ಕೊಡಬೇಡಿ

"ಏನಪಾ, ರೊಕ್ಕ ಬಂತೇನು?"

ಅಜ್ಜ ಫೋನ್‌ನಲ್ಲಿ ಹೀಗೆ ಕೇಳಿದಾಗ ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದೆ. ಅವತ್ತು ಬೆಳಿಗ್ಗೆಯಷ್ಟೇ ಮೇಲ್ ಬಂದಿತ್ತು. ನಾಲ್ಕೇ ಸಾಲು. ನಮ್ಮ ಅರ್ಜಿ ಪರಿಗಣನೆಗೆ ಅರ್ಹವಲ್ಲ ಅಂತ.

ಇವರು ನನ್ನ ಸ್ವಂತ ಅಜ್ಜ ಅಲ್ಲ. ಕೊಪ್ಪಳದ ಕಡೆ ನಮ್ಮ ಅವ್ವನ ತವರೂರಿನಲ್ಲಿ ತೊಗಲುಗೊಂಬೆ ಆಡಿಸುವ ಹಿರಿಯರು, ಊರಿಗೆಲ್ಲಾ ಅಜ್ಜ. ಚಿಕ್ಕವನಿದ್ದಾಗ ರಜೆಗೆ ಹೋದರೆ ಬಿಳಿ ಪರದೆ ಮೇಲೆ ಕಿಳ್ಳೇಕ್ಯಾತ, ಬಂಗಾರಕ್ಕ ಜಗಳ ಆಡೋದನ್ನ ನೋಡಿ ನಕ್ಕು ಸಾಕಾಗುತ್ತಿತ್ತು. ಈಗ ಅಜ್ಜನ ಪೆಟ್ಟಿಗೆಯಲ್ಲಿರೋ ಗೊಂಬೆಗಳಲ್ಲಿ ಅರ್ಧಕ್ಕರ್ಧ ಬಣ್ಣ ಹೋಗಿವೆ, ಕೆಲವನ್ನು ಹುಳ ತಿಂದಿದೆ. ಮೊಮ್ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡ್ತಾನೆ.

ನಾವು ನಾಲ್ಕು ಜನ ಎಂಜಿನಿಯರಿಂಗ್ ಗೆಳೆಯರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡಿದ್ವಿ. ರಾಯಭಾರ ಕಚೇರಿಗಳು ಸಣ್ಣ ಸಾಂಸ್ಕೃತಿಕ ಕೆಲಸಗಳಿಗೆ ದುಡ್ಡು ಕೊಡುತ್ತವೆ ಅಂತ ಗೊತ್ತಾದದ್ದೇ ತಡ, ಒಂದೇ ವೀಕೆಂಡಿನಲ್ಲಿ ಅರ್ಜಿ ಬರೆದು ಹಾಕಿದೆವು. ಹಳೇ ಗೊಂಬೆ ರಿಪೇರಿ, ಶಾಲೆ ಮಕ್ಕಳಿಗೆ ತರಬೇತಿ, ಆ ದೇಶದ ಗೊಂಬೆಯಾಟದವರ ಜೊತೆ ಒಂದು ಕಮ್ಮಟ. ಒಟ್ಟು 6 ಲಕ್ಷ ರೂಪಾಯಿ. ಅರ್ಜಿ ಹಾಕಿದ ರಾತ್ರಿಯೇ ನಾನು ಅಜ್ಜನಿಗೆ ಫೋನ್ ಮಾಡಿ "ಆಗ್ತದೆ ಅಜ್ಜಾ, ರೆಡಿ ಇರ್ರಿ" ಅಂದುಬಿಟ್ಟಿದ್ದೆ.

ಮೆಟ್ಟಿಲ ಮೇಲೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನೀ ಹೇಳಿದ್ದಿ ಅಂತ ಚರ್ಮ ತಂದಿಟ್ಟೀನಿ ತಮ್ಮಾ. ಎಂಟು ಸಾವಿರ ಸಾಲ ಆಗೈತಿ."

ನಾಚಿಕೆಯಾಯಿತು. ಆ ಸಾಲ ನಾವು ಗೆಳೆಯರೇ ಹಂಚಿಕೊಂಡು ತೀರಿಸಿದೆವು. ಆಮೇಲೆ ಕೂತು, ಎಲ್ಲಿ ತಪ್ಪಿದೆವು ಅಂತ ಸರಿಯಾಗಿ ಓದಿದೆ. ನಿಮ್ಮಲ್ಲೂ ಇಂಥ ಯೋಚನೆ ಇರೋರು ಇರಬಹುದು, ಅದಕ್ಕೇ ಇದನ್ನು ಬರೀತಾ ಇದ್ದೀನಿ.

ಕೊಡೋರಿದ್ದರೂ ತಗೊಳ್ಳೋಕೆ ಅರ್ಹತೆ ಬೇಕು

ಕಚೇರಿಗೆ ಫೋನ್ ಮಾಡಿದಾಗ ಅಲ್ಲಿನ ಸಿಬ್ಬಂದಿಯೊಬ್ಬರು ಸಮಾಧಾನವಾಗಿ ಹೇಳಿದರು: "ನಮಗೆ ಕೊಡೋಕೆ ಮನಸ್ಸಿದ್ದರೂ ನಿಮಗೆ ತಗೊಳ್ಳೋಕೆ ಆಗಲ್ಲವಲ್ಲ!"

ವಿಷಯ ಇಷ್ಟೇ. ವಿದೇಶಿ ಸರ್ಕಾರದಿಂದ ಬರುವ ಅನುದಾನ 2010ರ ಎಫ್‌ಸಿಆರ್‌ಎ, ಅಂದರೆ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ಕೆಳಗೆ ಬರುತ್ತದೆ. ಟ್ರಸ್ಟ್ ನೋಂದಣಿ ಆಗಿದ್ದರೆ ಮಾತ್ರ ಸಾಲದು, ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ ನೋಂದಣಿ ಬೇಕು. ಅದಕ್ಕೆ ಸಂಸ್ಥೆಗೆ ಸಾಮಾನ್ಯವಾಗಿ 3 ವರ್ಷ ತುಂಬಿರಬೇಕು, ಆ 3 ವರ್ಷಗಳಲ್ಲಿ ಮೂಲ ಉದ್ದೇಶದ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಮ್ಮ ಟ್ರಸ್ಟಿಗೆ ಆಗ 14 ತಿಂಗಳು!

ಹೊಸ ಸಂಸ್ಥೆಗಳಿಗೆ 'ಪೂರ್ವಾನುಮತಿ' ಅನ್ನೋ ಇನ್ನೊಂದು ದಾರಿ ಇದೆ. ಒಬ್ಬ ನಿರ್ದಿಷ್ಟ ದಾನಿ, ನಿರ್ದಿಷ್ಟ ಮೊತ್ತ, ನಿರ್ದಿಷ್ಟ ಕೆಲಸಕ್ಕೆ ಮಾತ್ರ ಸಿಗೋ ಅನುಮತಿ ಅದು. ದಾನಿಯ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿರಬೇಕು.

"ದೊಡ್ಡ ಸಂಸ್ಥೆಯವರು ತಗೊಂಡು ನಮಗೆ ಕೊಡಲಿ" ಅಂತ ನಮಗೂ ಹೊಳೆದಿತ್ತು. 2020ರ ತಿದ್ದುಪಡಿ ಆದಮೇಲೆ ಅದೂ ಇಲ್ಲ. ಬಂದ ವಿದೇಶಿ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಹಣ ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ.

ಯಾವ ಯೋಜನೆ ಯಾವುದಕ್ಕೆ?

ಎಲ್ಲಾ ಎಂಬೆಸಿಗಳ ಹಣ ಒಂದೇ ಥರದ್ದಲ್ಲ. ಜಪಾನ್ 1989ರಲ್ಲಿ 'ಕುಸಾನೋನೆ' ಅನುದಾನ ಶುರು ಮಾಡಿತು. ಶಾಲೆ ಕಟ್ಟಡ, ಆಸ್ಪತ್ರೆ ಉಪಕರಣ, ಕುಡಿಯುವ ನೀರಿನಂಥ ಕೆಲಸಗಳಿಗೆ ಅದು. ಸಂಬಳಕ್ಕೆ, ದಿನನಿತ್ಯದ ಖರ್ಚಿಗೆ ಸಿಗಲ್ಲ. ಆಸ್ಟ್ರೇಲಿಯಾದ 'ಡೈರೆಕ್ಟ್ ಏಡ್ ಪ್ರೋಗ್ರಾಂ' ಸಮುದಾಯದ ಸಣ್ಣ ಅಭಿವೃದ್ಧಿ ಕೆಲಸಗಳಿಗೆ. ಪರಂಪರೆ ಉಳಿಸೋ ಕೆಲಸಕ್ಕೆ ಜರ್ಮನಿ 1981ರಿಂದ ಒಂದು ಯೋಜನೆ ನಡೆಸುತ್ತಿದೆ. ಅಮೆರಿಕವೂ ಇದಕ್ಕೇ ರಾಯಭಾರಿಗಳ ಸಂಸ್ಕೃತಿ ಸಂರಕ್ಷಣಾ ನಿಧಿ ಮಾಡಿತ್ತು. ಈ ವರ್ಷ ಅರ್ಜಿ ಕರೆದವರು ಮುಂದಿನ ವರ್ಷವೂ ಕರೀತಾರೆ ಅನ್ನೋ ಗ್ಯಾರಂಟಿ ಇಲ್ಲ. ಹಾಗಾಗಿ ಆ ವರ್ಷದ ಪ್ರಕಟಣೆಯನ್ನೇ ಪೂರ್ತಿ ಓದಿ. ಹಳೆಯ ಪಿಡಿಎಫ್ ನಂಬಿ ಕೂರಬೇಡಿ.

ಎರಡನೇ ಸಲ ನಾವು ಮಾಡಿದ್ದು

ಎಫ್‌ಸಿಆರ್‌ಎ ಇರುವ, ಜನಪದ ಕಲೆಯಲ್ಲಿ ಕೆಲಸ ಮಾಡಿದ ಒಂದು ಸಂಸ್ಥೆಯನ್ನು ಹುಡುಕಿದೆವು. ಅರ್ಜಿ ಅವರದ್ದೇ, ಕೆಲಸವೂ ಅವರದ್ದೇ, ಲೆಕ್ಕವೂ ಅವರದ್ದೇ. ನಾವು ಬರೀ ಸ್ವಯಂಸೇವಕರು. ನಮ್ಮ ಹೆಸರು ಇರಲ್ಲವಲ್ಲ ಅಂತ ಗೆಳೆಯನೊಬ್ಬ ಮುನಿಸಿಕೊಂಡ. "ಹೆಸರು ಬೇಕೋ ಗೊಂಬೆ ಬೇಕೋ?" ಅಂದೆ, ಸುಮ್ಮನಾದ.

ಬಜೆಟ್ ಹೊಸದಾಗಿ ಬರೆದೆವು. ಮೊದಲಿನದ್ದರಲ್ಲಿ ಕ್ಯಾಮೆರಾ, ಪ್ರೊಜೆಕ್ಟರ್, ಲ್ಯಾಪ್‌ಟಾಪೇ ಅರ್ಧ ನುಂಗಿದ್ದವು. ನಮ್ಮಂಥ ಸಾಫ್ಟ್‌ವೇರ್‌ನವರ ಬುದ್ಧಿ! ಈ ಸಲ ಅವನ್ನು ತೆಗೆದೆವು. 'ಕಲಾವಿದರಿಗೆ ಸಂಬಳ' ಅಂತ ಬರೆದಿದ್ದ ಕಡೆ '40 ತರಗತಿ, ತರಗತಿಗೆ ಇಷ್ಟು ಗೌರವಧನ' ಅಂತ ಲೆಕ್ಕ ಬಿಡಿಸಿ ತೋರಿಸಿದೆವು. ಪ್ರತಿ ಖರೀದಿಗೂ ಮೂರು ಅಂಗಡಿಯ ಕೊಟೇಶನ್ ಇಟ್ಟೆವು. ಶಾಲೆಯ ಮುಖ್ಯ ಶಿಕ್ಷಕರಿಂದ ಜಾಗಕ್ಕೆ ಒಪ್ಪಿಗೆ ಪತ್ರ ತಂದೆವು. 'ಸಂಸ್ಕೃತಿ ಉಳಿಸುತ್ತೇವೆ' ಅನ್ನೋ ದೊಡ್ಡ ಮಾತು ತೆಗೆದು, 'ಆರು ತಿಂಗಳಲ್ಲಿ 12 ಮಕ್ಕಳು, 30 ಗೊಂಬೆ ರಿಪೇರಿ, ಊರಲ್ಲಿ ಒಂದು ಆಟ' ಅಂತ ಬರೆದೆವು. ಎಣಿಸಿ ನೋಡೋಕೆ ಬರೋದನ್ನೇ ಬರೀಬೇಕು ಅಂತ ಆ ಸಂಸ್ಥೆಯ ಅಕ್ಕ ಪದೇ ಪದೇ ಹೇಳ್ತಿದ್ರು.

ಬಹುಮುಖ್ಯವಾದ ಇನ್ನೊಂದು ಮಾತು. ಒಪ್ಪಂದಕ್ಕೆ ಸಹಿ ಬೀಳೋ ಮುಂಚೆ ಮಾಡಿದ ಖರ್ಚು ಸಾಮಾನ್ಯವಾಗಿ ಗ್ರಾಂಟಿನಲ್ಲಿ ಸಿಗಲ್ಲ. ಅಜ್ಜನ ಎಂಟು ಸಾವಿರವನ್ನು ಅದರಲ್ಲಿ ತೋರಿಸೋಕೆ ಆಗಲೇ ಇಲ್ಲ.

ಈ ಸಲ ಅಜ್ಜನಿಗೆ ಊರಿಗೇ ಹೋಗಿ ಹೇಳಿದೆ: "ಆದ್ರೂ ಆಗಬಹುದು, ಆಗದೇನೂ ಇರಬಹುದು. ನಾ ಹೇಳೋತನಕ ಒಂದು ಪೈಸಾನೂ ಖರ್ಚು ಮಾಡಬ್ಯಾಡ್ರಿ."

"ಈಗ ಶಾಣ್ಯಾ ಆದಿ ನೋಡು" ಅಂದರು.

ಉತ್ತರ ಬರೋಕೆ ಏಳು ತಿಂಗಳು ಹಿಡಿಯಿತು. ಕೇಳಿದ್ದು 5 ಲಕ್ಷ, ಸಿಕ್ಕಿದ್ದು ಮೂರೂವರೆ. ವಿದೇಶದ ಕಲಾವಿದರು ಊರಿಗೆ ಬರೋದು ರದ್ದಾಯಿತು, ಬದಲಿಗೆ ಎರಡು ವಿಡಿಯೋ ಕಾಲ್. ನೆಟ್‌ವರ್ಕ್ ಕೈಕೊಟ್ಟಿದ್ದರಿಂದ ಒಂದು ಅರ್ಧಕ್ಕೇ ನಿಂತಿತು. ಇನ್ನೊಂದರಲ್ಲಿ ಅಜ್ಜ ತಮ್ಮ ಗೊಂಬೆ ದೀಪಕ್ಕೆ ಹಿಡಿದರು, ಆ ಕಡೆಯವರು ತಮ್ಮದನ್ನು ಹಿಡಿದರು. ಭಾಷೆ ಬರದಿದ್ದರೂ ಕೋಲು ಎಲ್ಲಿ ಕಟ್ಟೋದು ಅಂತ ಇಬ್ಬರೂ ಅರ್ಧ ಗಂಟೆ ಕೈಸನ್ನೆಯಲ್ಲೇ ಮಾತಾಡಿದರು.

ತರಬೇತಿಗೆ ಸೇರಿದ 12 ಮಕ್ಕಳಲ್ಲಿ ಮೂವರು ನಡುವೆ ಬಿಟ್ಟರು. ವರದಿಯಲ್ಲಿ ಅದನ್ನೂ ಬರೆದೆವು, ಮುಚ್ಚಿಡಲಿಲ್ಲ. ಉಳಿದ ಒಂಬತ್ತು ಮಕ್ಕಳು ಊರ ಗುಡಿ ಮುಂದೆ ಆಟ ಆಡಿದರು. ಅಜ್ಜನ ಮೊಮ್ಮಗ ಎರಡು ದಿನ ರಜೆ ಹಾಕಿ ಬಂದಿದ್ದ. ಪರದೆಯ ಹಿಂದೆ ನಿಂತು ಕಿಳ್ಳೇಕ್ಯಾತನನ್ನು ಕುಣಿಸಿದವಳು ಏಳನೇ ಕ್ಲಾಸಿನ ಹುಡುಗಿ. ಜನ ನಕ್ಕಾಗ ಅಜ್ಜ ನನ್ನ ಕಡೆ ತಿರುಗಿ, "ಆ ಚರ್ಮದಾಗ ಮಾಡಿದ ಗೊಂಬಿನ ಅದು" ಅಂದರು. ಅವತ್ತು ಸಾಲ ಮಾಡಿ ತಂದಿಟ್ಟಿದ್ದ ಚರ್ಮ.

ನಿಮ್ಮೂರಲ್ಲೂ ಇಂಥ ಒಬ್ಬರು ಅಜ್ಜ, ಒಬ್ಬರು ಅಜ್ಜಿ ಇದ್ದೇ ಇರುತ್ತಾರೆ. ಅರ್ಜಿ ಖಂಡಿತ ಹಾಕಿ. ಆದರೆ ಮೊದಲು ಕಾಯ್ದೆ ಓದಿ, ಆಡಿಟರ್ ಹತ್ರ ಮಾತಾಡಿ, ಅರ್ಹತೆ ಇರುವ ಸಂಸ್ಥೆಯ ಜೊತೆ ಕೈಜೋಡಿಸಿ. ಊರಿಗೆ ಫೋನ್ ಮಾಡೋದು ಸಹಿ ಆದಮೇಲೆ.