ಬರದ ಊರಿಂದ ನೀರಿನ ಊರಿಗೆ: ಒಂದು ದಿನದ ಗೋಕಾಕ ಪ್ರವಾಸ

ಜತ್ತ: ಇಲ್ಲಿ ಮೋಡ ಕಟ್ಟುತ್ತದೆ, ಮಳೆ ಸುರಿಯುವುದಿಲ್ಲ. ಬಿತ್ತಿದ ಸಜ್ಜೆ ಮುಗಿಲು ನೋಡುತ್ತ ನಿಂತಿರುವ ಹೊತ್ತಿನಲ್ಲೇ ಅತ್ತ ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮ್ಮಿಕ್ಕುತ್ತಿರುತ್ತಾಳೆ. ಸಂಖ, ಉಮದಿ, ಬಿಳೂರ ಕಡೆಯ ಕುಟುಂಬಗಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಡುವುದು ಆಗಲೇ. ನಸುಕಿನಲ್ಲಿ ಬಿಟ್ಟರೆ ರಾತ್ರಿ ಮನಿ ಸೇರಬಹುದು.

ಮರಾಠಿಯಲ್ಲಿ ಧಬಧಬಾ, ಇಲ್ಲಿನ ಹಿರಿಯರ ಬಾಯಲ್ಲಿ ದಬದಬಿ. ಹೆಸರಿನಲ್ಲೇ ಸಪ್ಪಳವಿದೆ. ಕುದುರೆಲಾಳದ ಆಕಾರದ ಬಂಡೆಯಿಂದ ಕೆಂಪು ನೀರು ಬೀಳುವುದನ್ನು ನೋಡಿ ಪತ್ರಿಕೆಗಳು ಇದಕ್ಕೆ ‘ಕರ್ನಾಟಕದ ನಯಾಗರಾ’ ಎಂದು ಹೆಸರಿಟ್ಟಿವೆ. ಆಕಾರ, ಎತ್ತರದ ಮಟ್ಟಿಗೆ ಹೋಲಿಕೆ ಸರಿಯೇ. ಆದರೆ ನಯಾಗರಾ ವರ್ಷಪೂರ್ತಿ ಬೀಳುತ್ತದೆ, ಗೋಕಾಕದ್ದು ಹಾಗಲ್ಲ. ಪ್ರವಾಸ ಹೊರಡುವವರು ಮೊದಲು ತಿಳಿಯಬೇಕಾದ್ದು ಇದನ್ನೇ.

ಗಡಿಭಾಗದ ಶಾಲೆಗಳ ‘ಸಹಲ್’ ಸಾಮಾನ್ಯವಾಗಿ ಡಿಸೆಂಬರ್, ಜನವರಿಯಲ್ಲಿ. ಆ ಹೊತ್ತಿಗೆ ಮಳೆ ನಿಂತು ತಿಂಗಳುಗಳಾಗಿರುತ್ತವೆ. ಮೇಲೆ ಧೂಪದಾಳದ ಒಡ್ಡಿನಲ್ಲಿ ನೀರು ಕಾಲುವೆಗೆ ತಿರುಗಿರುತ್ತದೆ. ಮಕ್ಕಳಿಗೆ ಕಾಣುವುದು ಕರಿ ಬಂಡೆ, ಅದರ ಮೇಲೆ ಬೆರಳಷ್ಟು ದಪ್ಪದ ಒಂದೆರಡು ಧಾರೆ. ಗುರುಗಳು ಬಾಯ್ತುಂಬ ಹೇಳಿ ಕರಕೊಂಡು ಬಂದಿರುತ್ತಾರೆ. “ಇದss ಏನ್ರೀ ಸರ್?” ಎಂದು ಹುಡುಗರು ಕೇಳಿದರೆ ಅವರಾದರೂ ಏನು ಹೇಳಬೇಕು! ನೋಡುವುದಾದರೆ ಜುಲೈ ಮಧ್ಯದಿಂದ ಸೆಪ್ಟೆಂಬರ್ ಒಳಗೆ ನೋಡಬೇಕು. ಶಾಲೆಯ ಲೆಕ್ಕಕ್ಕೆ ಅದು ಹೊಂದುವುದಿಲ್ಲವಾದ್ದರಿಂದ ಆ ಕೆಲಸ ಮನೆಯವರ ಪಾಲಿಗೇ ಬಂದಿದೆ.

ಈ ನೀರು ಬರುವುದು ಎಲ್ಲಿಂದ? ಘಟಪ್ರಭೆ ಹುಟ್ಟುವುದು ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ. ಅವಳನ್ನು ಕೂಡುವ ಹಿರಣ್ಯಕೇಶಿ ಅಂಬೋಲಿ ಘಟ್ಟದಿಂದ ಹೊರಟು ಆಜರಾ, ಗಡಹಿಂಗ್ಲಜ, ಸಂಕೇಶ್ವರ ಹಾದು ಬರುತ್ತದೆ. ಅಂದರೆ ನಮ್ಮದೇ ರಾಜ್ಯದ ಮಳೆ ಗಡಿ ದಾಟಿ ಗೋಕಾಕದಲ್ಲಿ ಬೀಳುತ್ತದೆ. ಜತ್ತ ಇರುವುದು ಅದೇ ರಾಜ್ಯದ ಮಳೆನೆರಳಿನಲ್ಲಿ. ತಾಲೂಕಿನ ಪೂರ್ವಭಾಗದ ಹಳ್ಳಿಗಳ ನೀರಿನ ಕೊರತೆ 2022ರ ನವೆಂಬರ್‌ನಲ್ಲಿ ಎರಡೂ ರಾಜ್ಯಗಳಲ್ಲಿ ಸುದ್ದಿಯಾಗಿತ್ತು. ಮ್ಹೈಸಾಳ ಯೋಜನೆಯ ನೀರಿಗಾಗಿ ವರ್ಷಗಟ್ಟಲೆ ಕಾಯ್ದವರು ಇವರು. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ ಹೆಣ್ಣುಮಕ್ಕಳು ಈ ಜಲಪಾತದ ಮುಂದೆ ನಿಂತರೆ ಫೋಟೋ ಬೇಕೆನ್ನುವುದಿಲ್ಲ. ಸುಮ್ಮನೆ ನೋಡುತ್ತ ನಿಲ್ಲುತ್ತಾರೆ.

ಫೋಟೋದ ಹುಚ್ಚು ಹರೆಯದವರದು. ಜಲಪಾತದ ನೆತ್ತಿಯ ಬಂಡೆಗಳು ಹಾವಸೆ ಕಟ್ಟಿ ಎಣ್ಣಿ ಹಚ್ಚಿದಂತೆ ಜಾರುತ್ತವೆ. ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳಿ ಏರುತ್ತದೆ. ದೂರದಿಂದ ನೋಡಿದರೂ ತುಂತುರು ಮುಖಕ್ಕೆ ಬಡಿಯುತ್ತದೆ, ಅಂಚಿಗೆ ಹೋಗಿ ಸೆಲ್ಫಿ ತೆಗೆಯುವುದು ಯಾವ ಪುರುಷಾರ್ಥಕ್ಕೆ? ಸುಮಾರು 200 ಮೀಟರ್ ಉದ್ದದ ತೂಗುಸೇತುವೆ ಇಲ್ಲಿನ ಇನ್ನೊಂದು ಆಕರ್ಷಣೆ. ಅದರ ಮೇಲೆ ಬಿಡದಿದ್ದರೆ ಕಾವಲುಗಾರರ ಜತೆ ವಾದಕ್ಕೆ ನಿಲ್ಲಬಾರದು.

ದಂಡೆಯಲ್ಲಿ ಮಹಾಲಿಂಗೇಶ್ವರನ ಹಳೆಯ ಗುಡಿ ಇದೆ, ಚಾಲುಕ್ಯರ ಕಾಲದ ಶೈಲಿಯದು. ಮಗ್ಗುಲಲ್ಲೇ ನೂಲಿನ ಗಿರಣಿ. ಬೀಳುವ ನೀರಿನ ಬಲದಿಂದಲೇ ಯಂತ್ರ ತಿರುಗಿಸಬೇಕೆಂದು 1880ರ ದಶಕದಲ್ಲಿ ಇದನ್ನು ಇಲ್ಲಿ ಕಟ್ಟಿದರು. ನಮ್ಮ ಕಡೆ ಕೈದೀಪವೇ ಗತಿಯಾಗಿದ್ದ ಕಾಲವದು.

ದಾರಿಯ ಮಾತು. ನೇರ ಬಸ್ಸಿಗೆ ಕಾಯುವುದಕ್ಕಿಂತ ಅಥಣಿಗೆ ಹೋಗಿ ಬದಲಾಯಿಸುವುದು ಮೇಲು. ಅಲ್ಲಿಂದ ಕೃಷ್ಣೆ ದಾಟಿ ಹಾರೂಗೇರಿ, ಮೂಡಲಗಿ ಮೇಲೆ ಗೋಕಾಕ. ಪಟ್ಟಣದಿಂದ ಜಲಪಾತ ಸುಮಾರು 6 ಕಿ.ಮೀ. ಅಥಣಿ ಬಂದ ಕೂಡಲೇ ಬಸ್ಸಿನ ಪಾಟಿಗಳೆಲ್ಲ ಕನ್ನಡ. ಕನ್ನಡ ಶಾಲೆಯ ಮಕ್ಕಳು ಕಿಟಕಿಯಿಂದ ಊರ ಹೆಸರು ಗಟ್ಟಿಯಾಗಿ ಓದುತ್ತ ಹೋಗುತ್ತಾರೆ. ಮರಾಠಿ ಮಾಧ್ಯಮದ ಮಕ್ಕಳು ಕನ್ನಡ ಮಾತಾಡುತ್ತಾರೆ, ಅಕ್ಷರ ಬರುವುದಿಲ್ಲ, “ಅಜ್ಜಿ, ಅಲ್ಲಿ ಏನ್ ಬರದಾರ?” ಎನ್ನುತ್ತಾರೆ. ಅಜ್ಜಿಗೆ ಯಾವ ಅಕ್ಷರವೂ ಬರುವುದಿಲ್ಲ. ಒಂದೇ ಮನೆಯ ಅಣ್ಣ ಕನ್ನಡ ಶಾಲೆಗೆ, ತಂಗಿ ಮರಾಠಿ ಶಾಲೆಗೆ ಹೋಗುವುದು ಈ ಭಾಗದಲ್ಲಿ ಹೊಸದಲ್ಲ. ಆಗ ಅಣ್ಣನೇ ಓದಿ ಹೇಳಬೇಕು.

ಟಿಕೆಟ್ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಎರಡೂ ಕಡೆ ಪೆಟ್ಟು. 2023ರಲ್ಲಿ ಶುರುವಾದ ಕರ್ನಾಟಕದ ಶಕ್ತಿ ಯೋಜನೆ ಆ ರಾಜ್ಯದ ವಿಳಾಸ ಇದ್ದವರಿಗೆ ಮಾತ್ರ. ಅದೇ ವರ್ಷ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಬಂದ ಅರ್ಧ ಟಿಕೆಟ್ ಸವಲತ್ತು ರಾಜ್ಯದ ಹದ್ದಿಗೆ ಮುಗಿಯುತ್ತದೆ. ಕಂಡಕ್ಟರ್ ಆಧಾರ್ ಕೇಳಿದಾಗ ಕನ್ನಡದಲ್ಲಿ ಎಷ್ಟು ಜಾಣತನದಿಂದ ಮಾತಾಡಿದರೂ ಉಪಯೋಗವಿಲ್ಲ, ಪೂರ್ತಿ ಟಿಕೆಟ್ ತೆಗೆಸಲೇಬೇಕು. ಆ ಲೆಕ್ಕ ಇಟ್ಟುಕೊಂಡೇ ಹೊರಡುವುದು ಒಳಿತು.

ಇನ್ನೊಂದು ಎಚ್ಚರ. ಜಲಪಾತ ತುಂಬಿ ಬೀಳುತ್ತಿದೆ ಎಂಬ ಸುದ್ದಿ ಬಂದ ದಿನವೇ ಓಡಬೇಡಿ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೇ ನುಗ್ಗಿತ್ತು. ನೀರು ವಿಪರೀತವಾದರೆ ಲೋಳಸೂರ ಸೇತುವೆ ಮುಳುಗಿ ರಸ್ತೆ ಬಂದ್ ಆಗುತ್ತದೆ, ಹೋದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಮಹಾಪೂರ ಇಳಿದು ನಾಲ್ಕು ದಿನ ಆದ ಮೇಲೆ ಹೋದರೂ ಕಣ್ತುಂಬುವಷ್ಟು ನೀರು ಇರುತ್ತದೆ. ಸೋಮವಾರ, ಮಂಗಳವಾರ ಹೋದರೆ ಗದ್ದಲ ಕಡಿಮೆ.

ಮರಳುವಾಗ ಗೋಕಾಕ ಪೇಟೆಯಲ್ಲಿ ಕರದಂಟಿಗೆ ಅರ್ಧ ತಾಸು ಇಟ್ಟುಕೊಳ್ಳಬೇಕು, ಬರಿಗೈಲೆ ಬಂದರೆ ಓಣಿಯವರು ಬಿಡುವುದಿಲ್ಲ. ಅಥಣಿಯಿಂದ ಜತ್ತಕ್ಕೆ ಕೊನೆಯ ಬಸ್ ಎಷ್ಟಕ್ಕೆ ಎಂಬುದನ್ನು ಮಾತ್ರ ಬೆಳಿಗ್ಗೆ ಅಲ್ಲಿ ಇಳಿದಾಗಲೇ ಕೇಳಿಟ್ಟುಕೊಳ್ಳಬೇಕು.