ಅಡುಗೆಮನೆ ಕಿಟಕಿಯಲ್ಲೇ ಹಸಿರು ಸಲಾಡ್!

ಮಳೆಗಾಲ ಶುರುವಾಯಿತೆಂದರೆ ಕರಾವಳಿಯ ಗೃಹಿಣಿಯರಿಗೆ ಸೊಪ್ಪಿನದ್ದೇ ಚಿಂತೆ. ಹಿತ್ತಿಲಿನ ಹರಿವೆ ಮಳೆಯ ಹೊಡೆತಕ್ಕೆ ನೆಲಕ್ಕೆ ಮಲಗಿರುತ್ತದೆ. ಘಟ್ಟದ ಮೇಲಿನಿಂದ ಬರುವ ಕೊತ್ತಂಬರಿ, ಪಾಲಕ್ ಪೇಟೆ ತಲುಪುವಷ್ಟರಲ್ಲಿ ಅರ್ಧ ಬಾಡಿ, ಅರ್ಧ ಕೊಳೆತಿರುತ್ತದೆ. ಗುಡ್ಡ ಕುಸಿದರೆ ಅದೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಬಂದ್ ಆಯಿತು. ಅಂಥ ದುಃಖದ ಮುಂದೆ ಸೊಪ್ಪಿನ ಮಾತು ಸಣ್ಣದೇ. ಆದರೂ ಒಂದು ರಸ್ತೆ ಮುಚ್ಚಿದರೆ ನಮ್ಮ ಅಡುಗೆಮನೆಗೆ ಏನೇನು ಬರುವುದು ನಿಲ್ಲುತ್ತದೆ ಎಂಬುದು ಪ್ರತಿ ಮಳೆಗಾಲವೂ ನೆನಪಾಗುತ್ತದೆ.

ಇನ್ನು ಲೆಟ್ಯೂಸ್‌ನಂಥ ಸಲಾಡ್ ಸೊಪ್ಪು? ಭಟ್ಕಳದಲ್ಲಿ ಗಲ್ಫ್‌ನಿಂದ ರಜೆಗೆ ಬಂದ ಮಕ್ಕಳು ಅದನ್ನು ಕೇಳುತ್ತಾರೆ. ಹೊನ್ನಾವರ, ಕುಮಟಾದಲ್ಲಿ ಸಕ್ಕರೆ ಕಾಯಿಲೆಯವರಿಗೆ ಡಾಕ್ಟರು ‘ಹಸಿ ಸೊಪ್ಪು ತಿನ್ನಿ’ ಅಂತಾರೆ. ತರೋದು ಎಲ್ಲಿಂದ? ಫ್ಲ್ಯಾಟಿನಲ್ಲಿ ಇರುವವರಿಗೆ ಹಿತ್ತಿಲೂ ಇಲ್ಲ. ಅಂಥವರಿಗೆ ಒಂದು ದಾರಿ ಇದೆ, ಮಣ್ಣಿಲ್ಲದ ಬೇಸಾಯ!

ಹೊಸದೇನಲ್ಲ

ಇದಕ್ಕೆ ‘ಹೈಡ್ರೋಪೋನಿಕ್ಸ್’ ಎಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್ 1937ರಲ್ಲಿ ಈ ಪದವನ್ನು ಬಳಕೆಗೆ ತಂದರು. ನಮ್ಮ ದೇಶಕ್ಕೂ ಇದು ಬಂದು ಬಹಳ ಕಾಲವಾಯಿತು. 1946ರಲ್ಲೇ ಶೋಲ್ಟೊ ಡಗ್ಲಾಸ್ ಎಂಬುವರು ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗ ನಡೆಸಿ, ಸಾಮಾನ್ಯ ಜನರೂ ಮಾಡಬಹುದಾದ ಅಗ್ಗದ ವಿಧಾನ ರೂಪಿಸಿದ್ದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೆಂಗಿನ ನಾರಿನ ಪುಡಿಯಲ್ಲಿ ತರಕಾರಿ ಬೆಳೆಯುವ ವಿಧಾನವನ್ನೂ, ಅದಕ್ಕೆಂದೇ ‘ಅರ್ಕಾ ಸಸ್ಯ ಪೋಷಕ್ ರಸ್’ ಎಂಬ ದ್ರವ ಪೋಷಕಾಂಶವನ್ನೂ ಸಿದ್ಧಪಡಿಸಿದೆ.

ಪೈಪು, ಪಂಪು, ಟ್ಯಾಂಕು ಇರುವ ಕಿಟ್‌ಗಳ ಜಾಹೀರಾತು ನೋಡಿ ಸಾವಿರಾರು ರೂಪಾಯಿ ಸುರಿಯಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೋ, ಯಾವಾಗ ಬರುತ್ತದೋ! ಪಂಪು ನಿಂತರೆ ಬೇರು ಒಣಗುತ್ತದೆ. ನಮಗೆ ಬೇಕಾದದ್ದು ಪಂಪೇ ಇಲ್ಲದ ‘ಬತ್ತಿ’ ಪದ್ಧತಿ. ದೇವರ ದೀಪದ ಬತ್ತಿ ಎಣ್ಣೆ ಹೀರುವಂತೆ, ಇಲ್ಲಿ ಬತ್ತಿ ನೀರು ಹೀರಿ ಬೇರಿಗೆ ಕೊಡುತ್ತದೆ.

ನೈಸರ್ಗಿಕ ಗೊಬ್ಬರ ನೀರಿಗೇ ಹಾಕಬಹುದೇ?

ಬೇಡ. ಎರೆಜಲ, ಬಾಳೆಸಿಪ್ಪೆ ನೆನೆಸಿದ ನೀರು ಇವುಗಳಲ್ಲಿರುವ ಸತ್ವವನ್ನು ಗಿಡ ನೇರವಾಗಿ ಹೀರಿಕೊಳ್ಳಲಾರದು. ಮೊದಲು ಸೂಕ್ಷ್ಮಜೀವಿಗಳು ಅದನ್ನು ಒಡೆಯಬೇಕು. ಆ ಜೀವಿಗಳಿಗೆ ಗಾಳಿ ಬೇಕು. ನಿಂತ ನೀರಿನಲ್ಲಿ ಗಾಳಿ ಸಾಲದೆ ನೀರು ಕೊಳೆತು ಮನೆಯೆಲ್ಲ ವಾಸನೆ! ಅದಕ್ಕೇ ನೈಸರ್ಗಿಕ ಗೊಬ್ಬರ ಮೇಲಿನ ನಾರಿನ ಪುಡಿಗೆ, ಕೆಳಗಿನ ಡಬ್ಬಿಗೆ ಬರೀ ಶುದ್ಧ ನೀರು. ಇದಿಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಗೆದ್ದಂತೆ.

ಏನೇನು ಬೇಕು?

* ಅಡುಗೆ ಎಣ್ಣೆಯ 5 ಲೀಟರಿನ ಖಾಲಿ ಕ್ಯಾನ್
* ಹಳೆಯ ಹತ್ತಿ ಸೀರೆಯ ಒಂದು ಪಟ್ಟಿ
* ತೆಂಗಿನ ನಾರಿನ ಪುಡಿ ಮೂರು ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ ಒಂದು ಪಾಲು
* ಲೆಟ್ಯೂಸ್ ಬೀಜ. ಸಾಸಿವೆ, ಮೆಂತ್ಯ ಹೇಗೂ ಡಬ್ಬಿಯಲ್ಲೇ ಇವೆ
* 20 ವಾಟಿನ ಬಿಳಿ ಎಲ್‌ಇಡಿ ಟ್ಯೂಬು

ಮಾಡುವುದು ಹೀಗೆ

ಕ್ಯಾನನ್ನು ಸೋಪು ಹಾಕಿ ಜಿಡ್ಡು ಹೋಗುವಂತೆ ತೊಳೆಯಿರಿ. ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಕತ್ತರಿಸಿ. ಮೇಲಿನ ತುಂಡನ್ನು ಬೋರಲು ಮಾಡಿ ಕೆಳಗಿನ ತುಂಡಿನೊಳಗೆ ಕೂರಿಸಿ. ಬಾಯಿಯ ಮೂಲಕ ಸೀರೆಯ ಪಟ್ಟಿ ಇಳಿಬಿಡಿ. ಅದರ ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ನಾರಿನ ಪುಡಿಯ ನಡುವೆ ಇರಬೇಕು. ಬತ್ತಿಯ ಸುತ್ತ ಬಾಯಿಯಲ್ಲಿ ಒಂದಿಷ್ಟು ನಾರು ತುರುಕಿದರೆ ಪುಡಿ ಕೆಳಗೆ ಉದುರುವುದಿಲ್ಲ. ಕ್ಯಾನಿನ ಹೊರಗೆ ದಪ್ಪ ಕಾಗದ ಸುತ್ತಿ. ಒಳಗೆ ಬೆಳಕು ಹೋದರೆ ನೀರು ಪಾಚಿಗಟ್ಟುತ್ತದೆ. ಎರಡು ತುಂಡುಗಳ ನಡುವಿನ ಸಂದಿಗೆ ಬಟ್ಟೆ ಕಟ್ಟುವುದನ್ನು ಮಾತ್ರ ಮರೆಯಬೇಡಿ. ಡೆಂಗಿ ಹರಡುವ ಸೊಳ್ಳೆಗೆ ಇಂಥ ನಿಂತ ನೀರೇ ತೊಟ್ಟಿಲು.

ನಾರಿನ ಪುಡಿ ಹಾಗೇ ಹಾಕಬೇಡಿ. ಉಪ್ಪುನೀರಿನಲ್ಲಿ ಕೊಳೆಹಾಕಿದ ನಾರಿನಲ್ಲಿ ಉಪ್ಪು ಉಳಿದಿರುತ್ತದೆ. ಸಿಹಿನೀರಿನಲ್ಲಿ ನೆನೆಸಿ, ಹಿಂಡಿ, ಮೂರು ನಾಲ್ಕು ಸಲ ನೀರು ಬದಲಿಸಿ.

ನೀರಿನ ವಿಷಯವೂ ಅಷ್ಟೇ. ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ ಅಳಿವೆಗಳ ಹತ್ತಿರದ ಎಷ್ಟೋ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಆ ನೀರು ಹಾಕಿದರೆ ಎಲೆಯ ಅಂಚು ಸುಟ್ಟಂತಾಗುತ್ತದೆ. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದಿಡಿ. ಮೊದಲ ಮಳೆಯ ಕೊಳೆನೀರು ಬಿಟ್ಟು, ಆಮೇಲಿನದನ್ನು ಬಟ್ಟೆಯಲ್ಲಿ ಸೋಸಿದರೆ ಸಾಕು. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಬೇಡವೇ ಬೇಡ, ಅದರಲ್ಲಿರುವುದು ಉಪ್ಪೇ.

ಲೆಟ್ಯೂಸ್ ತಂಪು ಬಯಸುವ ಗಿಡ. ಸೆಕೆಗೆ ಬೀಜ ಮೊಳೆಯುವುದೇ ಇಲ್ಲ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಎರಡು ಮೂರು ದಿನ ಇಟ್ಟು ನಂತರ ಬಿತ್ತಿ. ಮೇಲೆ ದಪ್ಪಗೆ ಪುಡಿ ಮುಚ್ಚಬೇಡಿ, ಮೊಳೆಯಲು ಇದಕ್ಕೆ ಬೆಳಕು ಬೇಕು. ಒಂದು ಕ್ಯಾನಿಗೆ ಎರಡು ಗಿಡ ಉಳಿಸಿಕೊಂಡು ಮಿಕ್ಕಿದ್ದನ್ನು ಕಿತ್ತುಬಿಡಿ. ಆಷಾಢದ ಮೋಡದಲ್ಲಿ ಕಿಟಕಿಯ ಬೆಳಕು ಸಾಲದು. ಟ್ಯೂಬನ್ನು ಗಿಡದಿಂದ ಒಂದು ಅಡಿಯೊಳಗೆ ತೂಗುಹಾಕಿ ದಿನಕ್ಕೆ 12ರಿಂದ 14 ಗಂಟೆ ಉರಿಸಿ. ತಿಂಗಳಿಗೆ ಎಂಟೂವರೆ ಯೂನಿಟ್ಟಿಗಿಂತ ಹೆಚ್ಚು ಖರ್ಚಾಗದು. ಒಂದೇ ಟ್ಯೂಬಿನ ಕೆಳಗೆ ನಾಲ್ಕೈದು ಕ್ಯಾನ್ ಸಾಲಾಗಿ ಇಡಬಹುದು.

ಎರಡು ಜೊತೆ ಎಲೆ ಬಂದ ಮೇಲೆ ವಾರಕ್ಕೊಮ್ಮೆ ಒಂದು ಪಾಲು ಎರೆಜಲಕ್ಕೆ ಹತ್ತು ಪಾಲು ನೀರು ಬೆರೆಸಿ, ಬುಡಕ್ಕೆ ಅರ್ಧ ಲೋಟ ಹಾಕಿ. ಆರೇಳು ವಾರಕ್ಕೆ ಹೊರಗಿನ ಎಲೆಗಳನ್ನು ಕೊಯ್ಯಬಹುದು. ನಡುವಿನ ಚಿಗುರು ಬಿಟ್ಟರೆ ಮತ್ತೆ ಎರಡು ಮೂರು ಕೊಯ್ಲು ಸಿಗುತ್ತದೆ. ಮುಂದಿನ ಬೆಳೆಗೆ ಬತ್ತಿ ಬದಲಿಸಿ.

ಅಷ್ಟು ದಿನ ಕಾಯೋಕೆ ಆಗಲ್ಲ ಅಂತೀರಾ? ರಾತ್ರಿ ನೆನೆಸಿದ ಸಾಸಿವೆ ಅಥವಾ ಮೆಂತ್ಯವನ್ನು ತಟ್ಟೆಯಲ್ಲಿ ಹರಡಿದ ನಾರಿನ ಪುಡಿಯ ಮೇಲೆ ಚೆಲ್ಲಿ, ದಿನಾ ನೀರು ಚಿಮುಕಿಸಿ. ಎಂಟು ಹತ್ತು ದಿನಕ್ಕೆ ಎಳೆ ಸೊಪ್ಪು ಕತ್ತರಿಸಬಹುದು. ಇದಕ್ಕೆ ಗೊಬ್ಬರವೇ ಬೇಡ, ಬೀಜದ ಸತ್ವವೇ ಸಾಕು. ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜ ಮಾತ್ರ ಬಳಸಬೇಡಿ.

ಹಸಿ ತಿನ್ನುವ ಸೊಪ್ಪು, ಎಚ್ಚರ!

‘ನೈಸರ್ಗಿಕ’ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಹಸಿ ಸಗಣಿ, ಜೀವಾಮೃತ, ಮೀನಿನ ನೀರು ತೋಟದ ತೆಂಗಿಗೆ, ಬೇಯಿಸುವ ತರಕಾರಿಗೆ ಸರಿ. ಹಸಿಯಾಗಿ ತಿನ್ನುವ ಎಲೆಗೆ ಬೇಡ. ಅದರಲ್ಲಿರಬಹುದಾದ ರೋಗಾಣು ನೇರ ಹೊಟ್ಟೆಗೆ ಹೋಗುತ್ತದೆ. ಬಸುರಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಜಾಗ್ರತೆ. ಎರೆಜಲವೂ ಎಲೆಗೆ ತಾಗದಿರಲಿ. ಕೊಯ್ಯಲು ಶುರು ಮಾಡುವ ಎರಡು ವಾರ ಮೊದಲೇ ಅದನ್ನು ನಿಲ್ಲಿಸಿ, ಪುಡಿಯಲ್ಲಿರುವ ಎರೆಗೊಬ್ಬರವೇ ಮುಂದಕ್ಕೆ ಸಾಕು. ಕೊಯ್ದ ಎಲೆಯನ್ನು ಕುಡಿಯುವ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ.

ಗಿಡ ಹೇಳುವ ಮಾತು

* ಕೆಳಗಿನ ಹಳೆಯ ಎಲೆ ಹಳದಿಯಾದರೆ ಸತ್ವ ಸಾಲದು, ಒಂದು ಹಿಡಿ ಎರೆಗೊಬ್ಬರ ಬುಡಕ್ಕೆ ಹಾಕಿ
* ಗಿಡ ಸಪೂರಾಗಿ ಉದ್ದವಾದರೆ ಬೆಳಕು ಸಾಲದು, ಟ್ಯೂಬು ಕೆಳಗಿಳಿಸಿ
* ಪುಡಿ ಸದಾ ಪಿಚಪಿಚ ಎನ್ನುತ್ತಿದ್ದರೆ, ಸಣ್ಣ ನೊಣ ಹಾರಿದರೆ ನೀರು ಹೆಚ್ಚಾಗಿದೆ. ಎರಡು ದಿನ ಕೆಳಗಿನ ನೀರು ತೆಗೆದಿಡಿ, ಸ್ವಲ್ಪ ಹೊತ್ತು ಫ್ಯಾನು ಹಾಕಿ
* ನಡುವಿನಿಂದ ದಂಟು ಎದ್ದರೆ ಸೆಕೆ ಹೆಚ್ಚಾಗಿದೆ. ಎಲೆ ಕಹಿಯಾಗುವ ಮೊದಲೇ ಕೊಯ್ದುಬಿಡಿ

ಲೆಟ್ಯೂಸ್‌ಗೆ ಜೂನ್‌ನಿಂದ ಫೆಬ್ರುವರಿವರೆಗೆ ಕಾಲ. ಮಾರ್ಚ್ ನಂತರ ಅದೇ ಕ್ಯಾನಿನಲ್ಲಿ ಹರಿವೆ ಬಿತ್ತಿ, ಇಲ್ಲವೇ ಒಂದೆಲಗದ ಬಳ್ಳಿ ನೆಡಿ, ತಂಬುಳಿಗಾಯಿತು.

ಲಾಭವೇ?

ಲೆಕ್ಕ ಹಾಕಿಯೇ ಹೇಳುವುದಾದರೆ, ಬರೀ ಹರಿವೆಗಾಗಿ ಟ್ಯೂಬು ಉರಿಸಿದರೆ ಲಾಭವಿಲ್ಲ. ಕುಮಟಾ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ತಾವೇ ಬೆಳೆದು ತರುವ ಸೊಪ್ಪು ಇದಕ್ಕಿಂತ ಅಗ್ಗ, ರುಚಿಯೂ ಹೆಚ್ಚು. ಅವರಿಂದ ಕೊಳ್ಳುವುದನ್ನು ಬಿಡಬೇಡಿ. ಪೇಟೆಯಲ್ಲಿ ಸಿಗದ, ಸಿಕ್ಕರೂ ಬಾಡಿರುವ ಸೊಪ್ಪನ್ನು ಮಾತ್ರ ಮನೆಯೊಳಗೆ ಬೆಳೆದುಕೊಳ್ಳಿ.

ಮೊದಲ ಕೊಯ್ಲಿಗೆ ಒಂದು ಕೋಸಂಬರಿ: ನೆನೆಸಿದ ಅರ್ಧ ಕಪ್ ಹೆಸರುಬೇಳೆಗೆ ಕೈಯಲ್ಲಿ ಹರಿದ ಲೆಟ್ಯೂಸ್, ಕಾಯಿತುರಿ, ನಿಂಬೆರಸ ಸೇರಿಸಿ. ಸಾಸಿವೆ, ಹಸಿಮೆಣಸು, ಇಂಗಿನ ಒಗ್ಗರಣೆ ಕೊಡಿ. ಉಪ್ಪು ಬಡಿಸುವ ಹೊತ್ತಿಗೆ ಹಾಕಿ, ಇಲ್ಲವಾದರೆ ಎಲೆ ನೀರು ಬಿಡುತ್ತದೆ. ಒಮ್ಮೆಗೇ ಹತ್ತು ಕ್ಯಾನ್ ಇಡುವ ಉತ್ಸಾಹ ಬೇಡ. ಹದಿನೈದು ದಿನಕ್ಕೊಂದರಂತೆ ಬಿತ್ತುತ್ತ ಹೋದರೆ ಮಳೆಗಾಲ ಮುಗಿಯುವವರೆಗೂ ಊಟಕ್ಕೆ ಒಂದು ಹಿಡಿ ತಾಜಾ ಸೊಪ್ಪು ಗ್ಯಾರಂಟಿ!